ದುಬಾರಿ ಕ್ಯಾಮೆರಾ ಇಲ್ಲದೆಯೂ ಕೆಲವು ಫೋಟೋಗಳು ಮನಸ್ಸಿಗೆ ನಾಟುವುದು ಯಾಕೆ?

ಏನನ್ನು ತೋರಿಸಬೇಕು, ಏನನ್ನು ಬಿಡಬೇಕು, ಯಾವಾಗ ಬಟನ್ ಒತ್ತಬೇಕು ಅಂತ ತೆಗೆದವರು ಸರಿಯಾಗಿ ನಿರ್ಧರಿಸಿರುತ್ತಾರೆ, ಅದಕ್ಕೇ. ಎದುರಿಗೆ ನಿಂತು ನೋಡುವಾಗ ನಮ್ಮ ಗಮನ ಬೇಕಾದದ್ದರ ಮೇಲಷ್ಟೇ ಇರುತ್ತದೆ. ಅಜ್ಜಿಯ ನಗು ಕಾಣುತ್ತದೆ, ಹಿಂದಿರುವ ಲೈಟ್ ಕಂಬ ಕಣ್ಣಿಗೇ ಬೀಳುವುದಿಲ್ಲ. ಕ್ಯಾಮೆರಾ ಹಾಗಲ್ಲ, ಎರಡನ್ನೂ ಒಂದೇ ಸಮ ಹಿಡಿಯುತ್ತದೆ. ಫೋಟೋದಲ್ಲಿ ನೋಡಿದರೆ ಕಂಬ ಅಜ್ಜಿಯ ತಲೆಯಿಂದಲೇ ಎದ್ದು ನಿಂತಿರುತ್ತದೆ! ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಕಂಬ ಮಾಯ. ಇನ್ನಷ್ಟು ಹತ್ತಿರ ಹೋದರೆ ಕಣ್ಣಂಚಿನ ಸುಕ್ಕೂ ಸಿಗುತ್ತದೆ. ಈ ಕೆಲಸ ಯಾವ ಲೆನ್ಸೂ ಮಾಡಿಕೊಡುವುದಿಲ್ಲ.

ಸ್ಪಷ್ಟತೆಗಿಂತ ಕ್ಷಣವೇ ಜಾಸ್ತಿ ಮುಖ್ಯ ಅಂತ ನನಗನಿಸುತ್ತದೆ. 1932ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ಫೋಟೋಗ್ರಾಫರ್ ಆನ್ರಿ ಕಾರ್ತಿಯೆ-ಬ್ರೆಸೋನ್ ತೆಗೆದ ಒಂದು ಫೋಟೋ ನೋಡಿ. ನಿಂತ ನೀರಿನ ಮೇಲೆ ಜಿಗಿಯುತ್ತಿರುವ ಮನುಷ್ಯ ಮಸುಕಾಗಿದ್ದಾನೆ. ಆದರೆ ಅವನ ಹಿಮ್ಮಡಿ ನೀರಿಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಕ್ಲಿಕ್ ಆಗಿದೆ.