ಬೀರುವಿನಲ್ಲಿ ಕೊಳೆಯುವ ಡೇಟಾ

ಪತ್ರ: ನನ್ನ ಮಗಳು ಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ವರ್ಷಗಟ್ಟಲೆ ಕಷ್ಟಪಟ್ಟು ತೆಗೆದ ಡಿಎನ್‌ಎ ಡೇಟಾವನ್ನು ಸಾರ್ವಜನಿಕ ಭಂಡಾರಕ್ಕೆ ಹಾಕಲೇಬೇಕಂತೆ. ದುಡಿಯುವವರು ಒಬ್ಬರು, ಉಣ್ಣುವವರು ಇನ್ನೊಬ್ಬರು. ಇದು ನ್ಯಾಯವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ ಸ್ವಾಮಿ. ಮಗಳು ನಿದ್ದೆಗೆಟ್ಟದ್ದನ್ನು ಕಂಡವರು ನೀವು. ಆಕೆಗಿಂತ ಮೊದಲೇ ಬೇರೆಯವರು ಅದರಿಂದ ಪೇಪರ್ ಬರೆದರೆ ಹೊಟ್ಟೆ ಉರಿಯುವುದು ಸಹಜ. ಅದಕ್ಕೇ ಅಮೆರಿಕದ ಸಾರ್ವಜನಿಕ ಡಿಎನ್‌ಎ ಭಂಡಾರವಾದ ಜೆನ್‌ಬ್ಯಾಂಕ್‌ನಂಥ ಕಡೆ, ಪ್ರಬಂಧ ಅಚ್ಚಾಗುವವರೆಗೆ ಡೇಟಾ ಗುಟ್ಟಾಗಿಡಿ ಎಂದು ಕೇಳಬಹುದು. ಮನುಷ್ಯರ ಡಿಎನ್‌ಎ ಆದರೆ ಇನ್ನೂ ಎಚ್ಚರ ಬೇಕು, ಒಪ್ಪಿದೆ.

ಆದರೆ ಉಣ್ಣುವ ಮಾತು ಬಂತಲ್ಲ, ಮಗಳನ್ನೇ ಕೇಳಿ ನೋಡಿ. ಯಂತ್ರದಿಂದ ಬಂದ ಎ, ಸಿ, ಜಿ, ಟಿ ಎಂಬ ಡಿಎನ್‌ಎ ಅಕ್ಷರಗಳ ಸಾಲು ಯಾವ ಜೀನಿನದು ಎಂದು ಆಕೆಗೆ ಹೇಗೆ ತಿಳಿಯಿತು? ಸಾಲುಗಳನ್ನು ಹೋಲಿಸುವ ಬ್ಲಾಸ್ಟ್ ಎಂಬ ತಂತ್ರಾಂಶಕ್ಕೆ ಹಾಕಿ, 1982ರಿಂದ ಯಾರ್ಯಾರೋ ಜೆನ್‌ಬ್ಯಾಂಕ್‌ನಲ್ಲಿ ಜಮಾ ಮಾಡಿದ ಸಾಲುಗಳ ಜೊತೆ ಹೋಲಿಸಿಯೇ ಅಲ್ವಾ? ಒಂದು ಪೈಸೆ ಕೊಡದೆ!

ಪ್ರೋಟೀನ್‌ಗಳ ಆಕಾರವನ್ನು ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಶುರುವಾದಾಗ ಅದರಲ್ಲಿದ್ದದ್ದು ಏಳೇ ರಚನೆ. ಈಗ ಎರಡು ಲಕ್ಷ ದಾಟಿದೆ. ರಚನೆ ತಿಳಿಯಲೆಂದು ಒಂದೊಂದು ಪ್ರೋಟೀನಿನ ಹರಳು ಬೆಳೆಸಲು ವರ್ಷಗಳನ್ನೇ ಸವೆಸಿದವರಿದ್ದಾರೆ. ಅಲ್ಲಿಗೆ ಬರುವ ಪ್ರೋಟೀನ್ ರಚನೆಗಳನ್ನು ಇವತ್ತಿಗೂ ಪರೀಕ್ಷಿಸುವುದು, ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು ಎಂದು ತೋರಿಸುವ ರಾಮಚಂದ್ರನ್ ನಕ್ಷೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಮುಂದೆ ಅಲ್ಲೇ ಹೊಸ ವಿಭಾಗ ಕಟ್ಟಿದ ಜಿ. ಎನ್. ರಾಮಚಂದ್ರನ್ ಅವರದು. ಅದೇ ಭಂಡಾರದಿಂದ ಕಲಿತು ಪ್ರೋಟೀನಿನ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಗಾಗಿ 2024ರಲ್ಲಿ ನೊಬೆಲ್ ಬಂತು. ಆ ಹರಳುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ?

2020ರ ಜನವರಿ 11 ನೆನಪಿಸಿಕೊಳ್ಳಿ. ಚೀನಾದ ವಿಜ್ಞಾನಿ ಝಾಂಗ್ ಯೋಂಗ್‌ಝೆನ್ ತಂಡ ಕೊರೊನಾ ವೈರಸ್ಸಿನ ಆನುವಂಶಿಕ ಸಾಲಿನ ಸುಮಾರು 30,000 ಅಕ್ಷರಗಳನ್ನು ಜಗತ್ತಿನ ಮುಂದಿಟ್ಟಿತು. ಮರುದಿನವೇ ಅವರ ಲ್ಯಾಬಿಗೆ ಬೀಗ ಬಿತ್ತು. ಆದರೆ ಅಷ್ಟರಲ್ಲಿ ಡೇಟಾ ಎಲ್ಲರ ಕೈ ಸೇರಿತ್ತು. ವೈರಸ್ಸನ್ನು ಕಣ್ಣಲ್ಲಿ ನೋಡುವ ಮೊದಲೇ ಲಸಿಕೆಯ ವಿನ್ಯಾಸ ಶುರುವಾಯಿತು. ನೀವೂ ನಾನೂ ತೋಳು ಚಾಚಿದ್ದು ಅದರ ಫಲಕ್ಕೇ.

ಈಗ ನಮ್ಮ ಕಡೆ ನೋಡಿ. ನಿವೃತ್ತ ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ ಫ್ಲಾಪಿಗಳ ಡಬ್ಬ ಕಂಡಿದ್ದೇನೆ. ಮೇಲೆ ಪೆನ್ಸಿಲಿನಲ್ಲಿ ಬರೆದ ಭತ್ತದ ತಳಿಗಳ ಹೆಸರು ಅರ್ಧ ಅಳಿಸಿತ್ತು. ಓದುವ ಯಂತ್ರ ಊರಲ್ಲೇ ಇಲ್ಲ. ಸರ್ಕಾರದ ದುಡ್ಡಿನಲ್ಲಿ ಆದ ಕೆಲಸ, ಹೋಯಿತು. ಫರಿದಾಬಾದ್‌ನಲ್ಲಿ ಭಾರತೀಯ ಜೈವಿಕ ಡೇಟಾ ಕೇಂದ್ರ ಉದ್ಘಾಟನೆಯಾದದ್ದು 2022ರಲ್ಲಿ, ಅಮೆರಿಕದ ಜೆನ್‌ಬ್ಯಾಂಕ್‌ಗಿಂತ 40 ವರ್ಷ ತಡವಾಗಿ. ಇನ್ನು ನಾನು ನೋಡಿದ ಬಡ್ತಿಯ ಅರ್ಜಿಗಳಲ್ಲಿ ಪ್ರಬಂಧಕ್ಕೆ ಕಾಲಂ ಇದೆ, ಪ್ರಶಸ್ತಿಗೆ ಇದೆ, ಹಾರ ಹಾಕಿಸಿಕೊಂಡ ಸಮಾರಂಭಕ್ಕೂ ಜಾಗವಿದೆ. ಹಂಚಿದ ಡೇಟಾಕ್ಕೆ ಒಂದು ಸಾಲೂ ಇಲ್ಲ. ನಿಮ್ಮ ಮಗಳಿಗೆ ಅನ್ಯಾಯವಾಗುತ್ತಿರುವುದು ಅಲ್ಲಿ. ಅದರ ಬಗ್ಗೆ ವಿಶ್ವವಿದ್ಯಾಲಯಕ್ಕೆ ಖಾರವಾಗಿ ಒಂದು ಪತ್ರ ಬರೆಯಿರಿ, ಪ್ರತಿ ನಮಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕುತ್ತೇನೆ.

– ಸಂಪಾದಕ