ಊರಿಗೆ ಹೋಗುವ ಮಾತು ಆಮೇಲೆ, ಮೊದಲು ಬಳೆಯ ವಿಷಯ ಹೇಳಿ

ಪ್ರಶ್ನೆ: ನಾವು ಸುರತ್ಕಲ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಗಂಡನಿಗೆ ಕೈಗೆ ಸಿಗುವ ಸಂಬಳ 34,000. ನಾನು ಬ್ಲೌಸ್ ಹೊಲಿದು 4,000 ದುಡಿಯುತ್ತೇನೆ. ಬಾಡಿಗೆ 10,000, ದಿನಸಿ-ಹಾಲು-ಮೀನು-ಗ್ಯಾಸ್ 12,000, ಬೈಕ್ ಸಾಲ 3,200, ಪೆಟ್ರೋಲ್ 2,500, ಸ್ಕೂಲ್ ವ್ಯಾನ್ 2,400, ಕರೆಂಟು-ಫೋನು 1,500, ಊರಲ್ಲಿರುವ ಅತ್ತೆಗೆ 3,000. ಮಗ 4ನೇ ಕ್ಲಾಸ್, ಮಗಳು ಯುಕೆಜಿ. ಇಬ್ಬರ ಫೀಸು ವರ್ಷಕ್ಕೆ 62,000. ಕಳೆದ ಜೂನ್‌ನಲ್ಲಿ ಫೀಸು ಕಟ್ಟಲು ನನ್ನ ಎರಡು ಬಳೆ ಅಡವಿಟ್ಟೆ. ಗಂಡನಿಗೆ ಚೀಟಿ ದುಡ್ಡು ಎಂದು ಸುಳ್ಳು ಹೇಳಿದೆ. ಈಗ ಅವರು, "ನಿನ್ನ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಬೆಳ್ತಂಗಡಿಯ ಮನೆಗೆ ಹೋಗು, ನಾನಿಲ್ಲಿ ರೂಮ್ ಮಾಡಿಕೊಂಡು ಇರುತ್ತೇನೆ" ಅನ್ನುತ್ತಿದ್ದಾರೆ. ಮಗಳನ್ನಾದರೂ ಸರಕಾರಿ ಶಾಲೆಗೆ ಹಾಕು ಎನ್ನುವುದು ಅತ್ತೆಯ ಮಾತು. ಏನು ಮಾಡಲಿ?

ತಂಗೀ, ನಿಮ್ಮ ಲೆಕ್ಕವನ್ನೇ ಕೂಡಿಸಿ ನೋಡಿದೆ. ತಿಂಗಳ ಖರ್ಚು 34,600. ಉಳಿಯುವುದು 3,400. ಫೀಸನ್ನು 12 ತಿಂಗಳಿಗೆ ಹಂಚಿದರೆ ತಿಂಗಳಿಗೆ 5,200ರ ಹತ್ತಿರ ಬೇಕು. ಅಂದರೆ ಯಾರಿಗೂ ಜ್ವರ ಬರದಿದ್ದರೂ, ಒಂದೇ ಒಂದು ಮದುವೆಗೆ ಹೋಗದಿದ್ದರೂ ಪ್ರತಿ ತಿಂಗಳು 1,800 ರೂಪಾಯಿ ಸಾಲುವುದಿಲ್ಲ. ಇದರಲ್ಲಿ ನಿಮ್ಮ ದುಂದುಗಾರಿಕೆ ಎಲ್ಲಿದೆ? ನಾಲ್ಕು ಜನರ ಹೊಟ್ಟೆಯನ್ನು 12,000ದಲ್ಲಿ ತುಂಬಿಸುತ್ತಿದ್ದೀರಿ. ಕುಚ್ಚಲಕ್ಕಿ, ತೆಂಗಿನಕಾಯಿ, ಎಣ್ಣೆಯ ರೇಟು ನೋಡಿದವರಿಗೆ ಅದರ ಕಷ್ಟ ಗೊತ್ತು.

ಈ ಕೊರತೆ ಉಳಿದ ತಿಂಗಳುಗಳಲ್ಲಿ ಕಣ್ಣಿಗೆ ಬೀಳುವುದಿಲ್ಲ. ಜೂನ್‌ನಲ್ಲಿ ಒಟ್ಟಿಗೇ ಬರುತ್ತದೆ. ಫೀಸು, ಯೂನಿಫಾರ್ಮು, ಕೊಡೆ, ರೇನ್‌ಕೋಟು ಎಲ್ಲ ಆಗಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ಬಂಗುಡೆ, ಬೂತಾಯಿಯೂ ದುಬಾರಿ. ಬಳೆ ಹೋಗಿದ್ದು ಅದೇ ತಿಂಗಳಲ್ಲಿ ಅಲ್ವಾ?

ಇನ್ನು ಬಳೆಯ ವಿಷಯ. ಇದನ್ನು ಗಂಡನಿಗೆ ಹೇಳಲೇಬೇಕು, ಈ ವಾರವೇ. ನಿಮ್ಮನ್ನು ಊರಿಗೆ ಕಳಿಸುವ ಯೋಚನೆ ಮಾಡುವಾಗ ಅವರ ಕೈಯಲ್ಲಿ ಪೂರ್ತಿ ಲೆಕ್ಕವೇ ಇಲ್ಲ. ಚೀಟಿ ದುಡ್ಡು ಇತ್ತು, ಅದೂ ಮುಗಿಯಿತು ಅಂದುಕೊಂಡಿದ್ದಾರೆ. "ದುಡ್ಡು ನಿಲ್ಲುವುದಿಲ್ಲ" ಎಂಬ ಮಾತು ಅಲ್ಲಿಂದಲೂ ಬಂದಿರಬಹುದು. ಮಕ್ಕಳು ಮಲಗಿದ ಮೇಲೆ ಖರ್ಚಿನ ಚೀಟಿ, ಅಡವಿನ ರಸೀದಿ ಎರಡನ್ನೂ ಅವರ ಮುಂದಿಡಿ. ಅವರಿಗೆ ಸಿಟ್ಟು ಬರಬಹುದು, ಬರಲಿ. ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಿ. ಫೀಸು ಕಟ್ಟಿದ್ದಕ್ಕೆ ಕೇಳಬೇಡಿ.

ಮರುದಿನ ಇಬ್ಬರೂ ಹೋಗಿ ಬಡ್ಡಿ ಎಷ್ಟು, ಕೊನೆಯ ದಿನ ಯಾವುದು ಎಂದು ಕೇಳಿಕೊಳ್ಳಿ. ಆ ದಿನ ಮೀರಿದರೆ ಬಳೆ ಹರಾಜಿಗೆ ಹೋಗುವ ಅಪಾಯವಿದೆ. ಖಾಸಗಿ ಫೈನಾನ್ಸ್‌ನಲ್ಲಿ ಇಟ್ಟಿದ್ದರೆ, ಬ್ಯಾಂಕಿನಲ್ಲಿ ಬಡ್ಡಿ ಕಡಿಮೆಯೇ ಎಂದು ವಿಚಾರಿಸಿ.

ಊರಿಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಬಾಡಿಗೆ ಉಳಿಯುತ್ತದೆ, ನಿಜ. ಆದರೆ ಅವರ ರೂಮಿಗೆ, ಹೋಟೆಲ್ ಊಟಕ್ಕೆ, ವಾರಕ್ಕೊಮ್ಮೆ ಬಂದುಹೋಗುವ ಬಸ್ಸಿಗೆ ದುಡ್ಡು ಬೇಕು. ನಿಮ್ಮ ಹೊಲಿಗೆಯ ಗಿರಾಕಿಗಳು ಇಲ್ಲೇ ಉಳಿಯುತ್ತಾರೆ. ಮಕ್ಕಳಿಗೆ ಅಪ್ಪ ಭಾನುವಾರಕ್ಕೆ ಮಾತ್ರ ಸಿಗುತ್ತಾರೆ. ಅದರ ಬದಲು ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕಾಟಿಪಳ್ಳದ ಕಡೆ, ಕಡಿಮೆ ಬಾಡಿಗೆಗೆ ಮನೆ ಸಿಗುತ್ತದಾ ನೋಡಿ. ಮನೆಗೆ ಪ್ರತ್ಯೇಕ ಮೀಟರ್ ಇದೆಯಾ ಎಂದೂ ಕೇಳಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ನಿಮ್ಮ ಪತ್ರದಲ್ಲಿ ಗೃಹಲಕ್ಷ್ಮಿಯ 2,000ದ ಮಾತೇ ಇಲ್ಲ. ರೇಷನ್ ಕಾರ್ಡಿನಲ್ಲಿ ಅತ್ತೆ ಯಜಮಾನಿಯಾಗಿದ್ದರೆ ಅದು ಅವರಿಗೆ ಹೋಗುತ್ತಿರಬೇಕು. ಅದಕ್ಕಾಗಿ ಜಗಳ ಬೇಡ. ಅವರಿಗೆ ಕಳಿಸುವ 3,000ವನ್ನು ಸ್ವಲ್ಪ ಕಡಿಮೆ ಮಾಡಬಹುದೇ ಎಂದು ಗಂಡನೇ ಅಮ್ಮನ ಹತ್ತಿರ ಕೇಳಲಿ.

ಶಾಲೆಯ ಬಗ್ಗೆ ನನ್ನ ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳುತ್ತೇನೆ. ಫೀಸು, ವ್ಯಾನು ಸೇರಿದರೆ ವರ್ಷಕ್ಕೆ 90,000ದ ಹತ್ತಿರ. ನಿಮ್ಮ ಸಂಬಳಕ್ಕೆ ಅದು ಭಾರ. ಹತ್ತಿರದ ಸರಕಾರಿ ಶಾಲೆ, ಅನುದಾನಿತ ಶಾಲೆ ಎರಡಕ್ಕೂ ಹೋಗಿ ಬನ್ನಿ. 2019ರಿಂದ ರಾಜ್ಯದ ಹಲವು ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಇದೆ. ಟೀಚರ್ ಎಷ್ಟು ಜನ ಇದ್ದಾರೆ, ಮಕ್ಕಳು ಓದುವುದು ಹೇಗೆ ಎಂದು ಕ್ಲಾಸಿಗೇ ಹೋಗಿ ನೋಡಿ. ಮನಸ್ಸಿಗೆ ಒಪ್ಪಿದರೆ ಮುಂದಿನ ಜೂನ್‌ಗೆ ಇಬ್ಬರನ್ನೂ ಸೇರಿಸಿ. ಒಪ್ಪದಿದ್ದರೆ ಈಗಿನ ಶಾಲೆಯಲ್ಲಿ ತಿಂಗಳ ಕಂತು ಕೇಳಿ.

ಮಗಳನ್ನು ಮಾತ್ರ ಬೇರೆ ಕಡೆ ಹಾಕಬೇಡಿ. ಅಣ್ಣ ವ್ಯಾನಿನಲ್ಲಿ ಹೋಗುವುದನ್ನು ಅವಳು ದಿನಾ ನೋಡುತ್ತಾಳೆ. ಯಾಕೆ ಅಂತ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೋದರೆ ಇಬ್ಬರೂ, ಉಳಿದರೆ ಇಬ್ಬರೂ. ಅತ್ತೆಗೆ ಈ ಮಾತನ್ನು ನೀವು ಹೇಳುವುದು ಬೇಡ, ಅವರ ಮಗನೇ ಹೇಳಲಿ.