ಹಾವುಮೆಕ್ಕೆ ಬಳ್ಳಿ ಕುಂಡದಲ್ಲಿ ಯಾಕೆ ಕೊಳೆಯುತ್ತದೆ?

ನಮಸ್ಕಾರ ಮೇಡಂ. ಜೈಸಲ್ಮೇರ್‌ನಿಂದ ತಂದ ಹಾವುಮೆಕ್ಕೆ (ಕಲ್ಲಂಗಡಿಯ ನೆಂಟ, ಮರುಭೂಮಿಯ ಕಹಿ ಕಾಯಿಯ ಬಳ್ಳಿ) ಬೀಜ ಬಳ್ಳಾರಿಯಲ್ಲಿ ಚೆನ್ನಾಗಿಯೇ ಹುಟ್ಟಿತು, ನಾಲ್ಕೆಲೆ ಬಿಟ್ಟ ಮೇಲೆ ಬುಡ ಕೊಳೆಯಿತು ಅಂದಿದ್ದೀರಿ. ನಿಮ್ಮ ಫೋಟೋದಲ್ಲಿ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ತುಂಬಿದ ಕುಂಡ, ಅದರ ಕೆಳಗೆ ನೀರು ನಿಂತ ತಟ್ಟೆ ಕಾಣುತ್ತಿದೆ. ಮೊದಲು ಆ ತಟ್ಟೆ ತೆಗೆಯಿರಿ.

ಮರುಭೂಮಿ ಗಿಡ ಅಂದಕೂಡಲೇ ನೀರಿನಲ್ಲಿ ಜಿಪುಣ ಅಂದುಕೊಳ್ಳುತ್ತೇವೆ, ಅಲ್ವಾ? ಇದು ಹಾಗಲ್ಲ. ನಾನಿರುವ ಜೋಧಪುರದ ಕಡೆ ಮರಳು ದಿಬ್ಬಗಳ ಮೇಲೆ ಇದು ಸುಮ್ನೆ ಹಬ್ಬಿಕೊಂಡಿರುತ್ತದೆ. ಸೆಪ್ಟೆಂಬರ್ ಮಧ್ಯಾಹ್ನ, ಮರಳಿನ ಮೇಲೆ ಬರಿಗಾಲು ಇಡಲಾಗದಂಥ ಹೊತ್ತಿನಲ್ಲಿ ಎಲೆ ಮುಟ್ಟಿ ನೋಡಿದರೆ ಒರಟು, ಆದರೆ ತಣ್ಣಗಿರುತ್ತದೆ. ಬೇರು ಆಳದಿಂದ ತೇವ ಎಳೆದು ಕೊಡುತ್ತಲೇ ಇರುತ್ತದೆ, ಎಲೆ ಅದನ್ನು ಆವಿಯಾಗಿ ಬಿಟ್ಟು ತಂಪಾಗುತ್ತದೆ. ಬಳ್ಳಿ ಕತ್ತರಿಸಿದರೆ ಅದೇ ಎಲೆ ಬಿಸಿಲಿಗೆ ಸುಟ್ಟುಹೋಗುತ್ತದೆ. ಚೆನ್ನಾಗಿ ನೀರು ಕುಡಿಯುವ ಗಿಡವೇ ಇದು. ಕುಡಿಯುವುದು ಮಾತ್ರ ಕೆಳಗಿನಿಂದ, ಬುಡದ ಸುತ್ತ ಒಣಗಿರಬೇಕು.

ಹಾಗಾಗಿ ಕುಂಡ ಬಿಡಿ, ನೆಲಕ್ಕೇ ಹಾಕಿ. ಎರಡಡಿ ಗುಂಡಿ ತೋಡಿ, ಮೂರು ಪಾಲು ಮರಳಿಗೆ ಒಂದು ಪಾಲು ಕೆಂಪು ಮಣ್ಣು ಸೇರಿಸಿ ತುಂಬಿ. ಎರೆ ಭೂಮಿಯಾದರೆ ಗುಂಡಿ ಬೇಡ, ಅದರಲ್ಲಿ ನೀರು ನಿಲ್ಲುತ್ತದೆ. ಮೇಲೆ ಮರಳಿನ ದಿಬ್ಬ ಮಾಡಿ. ಬೀಜ ಒಂದು ರಾತ್ರಿ ನೆನೆಸಿ, ಅರ್ಧದಿಂದ ಒಂದು ಇಂಚು ಆಳಕ್ಕೆ ಹಾಕಿ ಮುಚ್ಚಿ. ಬೆಳಕು ಬಿದ್ದರೆ ಸರಿಯಾಗಿ ಮೊಳೆಯುವುದಿಲ್ಲ. ಸಸಿ ಕಿತ್ತು ನೆಡಲು ಹೋಗಬೇಡಿ, ತಾಯಿಬೇರು ಮುರಿಯುತ್ತದೆ. ಬಳ್ಳಿ ಹಬ್ಬಿದ ಮೇಲೆ ಮಣ್ಣು ಪೂರ್ತಿ ಒಣಗಿದಾಗ ಒಮ್ಮೆ ಆಳಕ್ಕೆ ಇಳಿಯುವಂತೆ ನೀರು ಕೊಟ್ಟರೆ ಸಾಕು. ಜೈಸಲ್ಮೇರ್‌ನಲ್ಲಿ ವರ್ಷದ ಮಳೆ 200 ಮಿ.ಮೀ. ಆಸುಪಾಸು, ನಿಮ್ಮಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ. ಬಳ್ಳಿ ನೆಲದ ಮೇಲೇ ಹಬ್ಬುತ್ತದೆ, ಚಪ್ಪರ ಬೇಕಿಲ್ಲ.

ಪಕ್ಕದಲ್ಲಿ ಕಲ್ಲಂಗಡಿ ಹಾಕಿದ್ದೀರಾ? ಎರಡೂ ಹತ್ತಿರದ ನೆಂಟರು, ಜೇನ್ನೊಣ ಪರಾಗ ಬೆರೆಸಿಬಿಡುತ್ತದೆ. ಈ ಸಲದ ಹಣ್ಣಿಗೆ ಏನೂ ಆಗುವುದಿಲ್ಲ. ಅದರ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದರೆ ಕಹಿ ಕಾಯಿ ಬರಬಹುದು.

ಮನೆಯಲ್ಲಿ ಮಕ್ಕಳಿದ್ದರೆ ಹುಷಾರು. ಕಾಯಿ ನೋಡಲು ಪುಟಾಣಿ ಕಲ್ಲಂಗಡಿಯೇ, ಪಟ್ಟೆ ಕೂಡ ಇರುತ್ತದೆ. ಒಳಗಿನ ತಿರುಳು ವಿಪರೀತ ಕಹಿ, ವಿಷ. ಹೊಟ್ಟೆಗೆ ಹೋದರೆ ರಕ್ತಭೇದಿಯೇ ಆಗಬಹುದು. ಔಷಧಿ ಅಂತ ಯಾರಾದರೂ ಹೇಳಿದರೂ ಮನೆಯಲ್ಲಿ ಪ್ರಯೋಗ ಬೇಡ. ಬೀಜದ ಎಣ್ಣೆಯನ್ನು ಇಲ್ಲಿ ಸೋಪಿಗೆ ಬಳಸುತ್ತಾರೆ, ಅಷ್ಟೇ.

ಚಳಿಗಾಲದಲ್ಲಿ ಬಳ್ಳಿ ಒಣಗಿದರೆ ಸತ್ತಿತು ಅಂತ ಕೀಳಬೇಡಿ. ಬೇರು ಬದುಕಿದ್ದರೆ ಬುಡದಿಂದಲೇ ಮತ್ತೆ ಚಿಗುರುತ್ತದೆ.